ಒಂದು ಪದಕ್ಕೆ ಒಂದೇ ಅರ್ಥ ಬರೆಸಬೇಡಿ

ಸಂಪಾದಕರೇ,

ಬಾಗಲಕೋಟೆ ಸುತ್ತಮುತ್ತ ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ವಹಿ ತೆರೆದು ನೋಡಿದರೆ, ಕೊನೆಯ ನಾಲ್ಕೈದು ಹಾಳೆ ಪದ ಮತ್ತು ಅರ್ಥಕ್ಕೆ ಮೀಸಲಾಗಿರುತ್ತವೆ. ಹಾಳೆಯ ನಡುವೆ ಒಂದು ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಒಂದೇ ಒಂದು ಅರ್ಥ. ರನ್ ಎಂದರೆ ಓಡು, ಪುಟ್ ಎಂದರೆ ಇಡು, ಟೇಕ್ ಎಂದರೆ ತೆಗೆದುಕೊ, ಲೈಟ್ ಎಂದರೆ ಬೆಳಕು. ಅಂಗಡಿಯ ಗೈಡುಗಳಲ್ಲೂ ಅದೇ, ಪತ್ರಿಕೆಗಳ ವಿದ್ಯಾರ್ಥಿ ಪುಟದಲ್ಲಿ ಬರುವ ‘ದಿನಕ್ಕೊಂದು ಪದ’ದಲ್ಲೂ ಅದೇ. ವರ್ಷಗಟ್ಟಲೆ ಇಂಗ್ಲಿಷ್ ಓದಿದ ಮಕ್ಕಳು ಒಂದು ಸಾದಾ ಪ್ಯಾರಾ ಮುಂದೆ ತಡವರಿಸುವುದಕ್ಕೆ ಈ ಒಂಟಿ ಅರ್ಥದ ರೂಢಿ ದೊಡ್ಡ ಕಾರಣ ಎಂದು ನಮಗೆ ಖಚಿತವಾಗಿ ಅನ್ನಿಸುತ್ತದೆ.

ತೊಡಕು ಇರುವುದು ದೊಡ್ಡ ಪದಗಳಲ್ಲಿ ಅಲ್ಲ. ‘ಫೋಟೋಸಿಂಥೆಸಿಸ್’ ಎದುರಿಗೆ ದ್ಯುತಿಸಂಶ್ಲೇಷಣೆ ಎಂದು ಬರೆದರೆ ಮುಗಿಯಿತು, ಆ ಪದ ಎಲ್ಲಿ ಬಂದರೂ ಅರ್ಥ ಬದಲಾಗದು. ಕಾಡುವುದು ಮೂರು ನಾಲ್ಕು ಅಕ್ಷರದ ಪುಟ್ಟ ಪದಗಳು. ಯಾವ ಪದ ದಿನವಿಡೀ ಬಾಯಲ್ಲಿ ಓಡಾಡುತ್ತದೋ ಅದಕ್ಕೇ ಅರ್ಥಗಳು ಹೆಚ್ಚು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ 400ಕ್ಕೂ ಹೆಚ್ಚು ಅರ್ಥಗಳಿದ್ದವು. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನೂ ಹಿಂದೆ ಹಾಕಿ 600 ದಾಟಿದೆ. ಇಷ್ಟನ್ನೂ ಯಾರೂ ಬಾಯಿಪಾಠ ಮಾಡಬೇಕಿಲ್ಲ. ಆದರೆ ‘ರನ್ ಎಂದರೆ ಓಡು’ ಎಂದಷ್ಟೇ ಬರೆದುಕೊಂಡ ಹುಡುಗಿ ಮೂಗು ‘ರನ್’ ಆಗುತ್ತಿದೆ ಎಂಬ ವಾಕ್ಯ ಬಂದಾಗ ಏನು ಮಾಡಬೇಕು? ಮೂಗು ಸೋರುತ್ತದೆ. ಅಂಗಡಿ ‘ರನ್’ ಆದರೆ ನಡೆಯುತ್ತದೆ. ಇಳಕಲ್ ಸೀರೆ ಒಗೆದಾಗ ಬಣ್ಣ ‘ರನ್’ ಆದರೆ ಬಣ್ಣ ಬಿಟ್ಟಿತು ಎನ್ನುತ್ತೇವೆ. ಚುನಾವಣೆಗೆ ಅಮೆರಿಕದವರು ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಮಾಡುತ್ತಾರೆ, ನಮ್ಮವರೂ ನಿಲ್ಲುತ್ತಾರೆ. ಸೋರು, ನಡೆ, ಬಿಡು, ನಿಲ್ಲು: ಈ ನಾಲ್ಕೂ ಸರಿಯಾದ ಅರ್ಥಗಳು, ನಾಲ್ಕರಲ್ಲಿ ಒಂದೂ ಓಡು ಅಲ್ಲ.

ಅರ್ಥಗಳು ಮನಸ್ಸಿಗೆ ಬಂದಂತೆ ಚೆಲ್ಲಾಪಿಲ್ಲಿಯಾಗಿ ಹುಟ್ಟಿದವಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ‘ಚಾರ್ಜ್’ ಪದವನ್ನೇ ತೆಗೆದುಕೊಳ್ಳಿ, ತಮ್ಮ ಪತ್ರಿಕೆಯಲ್ಲೂ ದಿನಾಲೂ ಬರುವ ಪದ. ಮೊಬೈಲ್ ಚಾರ್ಜ್, ಚಾರ್ಜ್‌ಶೀಟ್, ಇನ್‌ಚಾರ್ಜ್, ಲಾಠಿ ಚಾರ್ಜ್, ಹೊಸ ಅಧಿಕಾರಿ ಚಾರ್ಜ್ ತೆಗೆದುಕೊಂಡರು, ಡೆಲಿವರಿಗೆ ಬೇರೆ ಚಾರ್ಜ್. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಬೇರು ಒಂದೇ. ಲ್ಯಾಟಿನ್‌ನಲ್ಲಿ ಗಾಡಿಗೆ ‘ಕರ್ರುಸ್’ ಎಂಬ ಪದವಿತ್ತು. ಅದರಿಂದ ಗಾಡಿಗೆ ಹೇರು ಎಂಬ ಅರ್ಥದ ಕ್ರಿಯಾಪದ ಹುಟ್ಟಿ, ಫ್ರೆಂಚ್ ಹಾದು ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ಕಾರ್, ಕ್ಯಾರಿ, ಕಾರ್ಗೋ ಕೂಡ ಅದೇ ಮನೆತನದವು. ಚಳಿಗಾಲದಲ್ಲಿ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಕಬ್ಬು ಹೇರಿದ ಗಾಡಿ ನೋಡುತ್ತ ಬೆಳೆದ ಮಕ್ಕಳಿಗೆ ಇದನ್ನು ತಿಳಿಸಲು ಬೇರೆ ಚಿತ್ರ ಬೇಕಿಲ್ಲ. ಬ್ಯಾಟರಿಯ ಮೇಲೆ ವಿದ್ಯುತ್ತಿನ ಹೇರು, ಗಿರಾಕಿಯ ಮೇಲೆ ಹಣದ ಹೇರು, ಅಧಿಕಾರಿಯ ಮೇಲೆ ಹೊಣೆಯ ಹೇರು, ಆರೋಪಿಯ ಮೇಲೆ ತಪ್ಪಿನ ಹೇರು. ಕನ್ನಡದಲ್ಲೂ ನಾವು ಆರೋಪವನ್ನು ‘ಹೊರಿಸುತ್ತೇವೆ’, ಹೊಣೆಯನ್ನು ‘ಹೊರುತ್ತೇವೆ’. ಎರಡೂ ಭಾಷೆಗಳಲ್ಲಿ ಅದೇ ಹೊರೆ. ಲಾಠಿ ಚಾರ್ಜನ್ನು ಮೈಭಾರವೆಲ್ಲ ಮುಂದೆ ಹಾಕಿ ನುಗ್ಗುವುದು ಎಂದು ನೆನಪಿಟ್ಟುಕೊಳ್ಳಬಹುದು. ಬಸ್ ಚಾರ್ಜ್ ಎನ್ನುವುದು ಮಾತ್ರ ನಮ್ಮ ಬಳಕೆ, ಪ್ರಯಾಣದ ದರಕ್ಕೆ ಇಂಗ್ಲಿಷಿನಲ್ಲಿ ‘ಫೇರ್’ ಎನ್ನಬೇಕು. ಈ ಒಂದು ಪದವನ್ನು ಹೀಗೆ ಹತ್ತು ನಿಮಿಷ ಬಿಡಿಸಿದರೆ ಆರು ಅರ್ಥ ಒಟ್ಟಿಗೆ ಕೂಡುತ್ತವೆ. ಆರು ಬಿಡಿ ಸಾಲುಗಳಾಗಿ ಬರೆಸಿದರೆ ವಾರದೊಳಗೆ ಆರೂ ಮರೆತುಹೋಗುತ್ತವೆ.

ಎಲ್ಲ ಪದಕ್ಕೂ ಇದೇ ದಾರಿ ನಡೆಯದು. ಹಣದ ‘ಬ್ಯಾಂಕ್’ ಇಟಲಿಯ ಲೇವಾದೇವಿಗಾರರ ಕಟ್ಟೆಯಿಂದ, ಅಂದರೆ ಬೆಂಚಿನಿಂದ ಬಂದದ್ದು. ನದಿಯ ‘ಬ್ಯಾಂಕ್’ ದಂಡೆ ಎಂಬರ್ಥದಲ್ಲಿ ಉತ್ತರ ಯುರೋಪಿನ ಭಾಷೆಗಳಿಂದ ಬಂದದ್ದು. ಬೆಳಕಿನ ‘ಲೈಟ್’ ಬೇರೆ, ಹಗುರ ಎಂಬ ‘ಲೈಟ್’ ಬೇರೆ. ಇವು ಒಂದೇ ಅಂಗಿ ತೊಟ್ಟ ಬೇರೆ ಬೇರೆ ಜನ. ಒಳ್ಳೆಯ ನಿಘಂಟುಗಳು ಇಂಥ ಪದಗಳಿಗೆ ತಲೆಯ ಮೇಲೆ 1, 2 ಎಂದು ಚಿಕ್ಕ ಅಂಕಿ ಹಾಕಿ ಪ್ರತ್ಯೇಕ ನಮೂದು ಕೊಡುತ್ತವೆ. ಒಂದೇ ಪದದ ಕವಲು ಅರ್ಥಗಳಾದರೆ ಒಂದೇ ನಮೂದಿನ ಒಳಗೆ ಸಾಲಾಗಿ ಬರುತ್ತವೆ. ತಲೆಯ ಮೇಲಿನ ಅಂಕಿಗೂ ಒಳಗಿನ ಅಂಕಿಗೂ ಇರುವ ಈ ವ್ಯತ್ಯಾಸವನ್ನು ನಿಘಂಟು ಕೈಗೆ ಕೊಡುವ ದಿನವೇ ತೋರಿಸಬೇಕು. ಕಿಟೆಲ್ ಅವರು 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲೂ ಹೀಗೆ ಅಂಕಿ ಹಾಕಿ ಬೇರ್ಪಡಿಸಿದ ಪದಗಳು ಬೇಕಾದಷ್ಟು ಸಿಗುತ್ತವೆ. ಉದಾಹರಣೆಗೆ ನಮ್ಮ ‘ಹತ್ತು’ ನೋಡಿ. ಹತ್ತು ರೂಪಾಯಿಯ ಹತ್ತು ಒಂದು ಪದ. ಬಸ್ ಹತ್ತು, ಬೆಂಕಿ ಹತ್ತಿತು, ನಿದ್ದಿ ಹತ್ತಿತು, ರೊಟ್ಟಿ ತಳ ಹತ್ತಿತು, ಕೊನೆಗೆ ‘ಅಂವಾ ಉಣ್ಣಾಕ ಹತ್ಯಾನ’ ಎಂಬ ನಮ್ಮ ಭಾಗದ ಮಾತು, ಇವೆಲ್ಲ ತಗುಲು, ಅಂಟಿಕೊ ಎಂಬ ಇನ್ನೊಂದು ಪದದ ಕವಲುಗಳು. ಇದನ್ನು ಮೊದಲು ಕನ್ನಡದಲ್ಲಿ ಕಂಡ ಮಗುವಿಗೆ ಇಂಗ್ಲಿಷ್ ವಿಚಿತ್ರ ಅನ್ನಿಸುವುದಿಲ್ಲ.

ಅತಿ ಹೆಚ್ಚು ತಪ್ಪು ಬೀಳುವ ಜಾಗ ಬೇರೆಯೇ ಇದೆ. ಕ್ರಿಯಾಪದದ ಬಾಲಕ್ಕೆ ಅಪ್, ಡೌನ್, ಔಟ್, ಆಫ್, ಆನ್ ಸೇರಿ ಆಗುವ ಜೋಡಿಗಳಲ್ಲಿ ಮಕ್ಕಳು ಒಂದೊಂದು ತುಂಡಿನ ಅರ್ಥ ಕೂಡಿಸುತ್ತಾರೆ. ‘ಪುಟ್’ ಹಾಕು, ‘ಔಟ್’ ಹೊರಗೆ, ಆದ್ದರಿಂದ ‘ಪುಟ್ ಔಟ್’ ಎಂದರೆ ಹೊರಗೆ ಹಾಕು ಎನ್ನುತ್ತಾರೆ. ಹಾಗೆ ನೋಡಿದರೆ ಅಗ್ನಿಶಾಮಕ ದಳದವರು ಬೆಂಕಿಯನ್ನು ಮನೆಯಿಂದ ಹೊರಗೆ ಹಾಕಿದಂತಾಗುತ್ತದೆ! ಅದರ ಅರ್ಥ ಆರಿಸು. ‘ಪುಟ್ ಆನ್’ ತೊಟ್ಟುಕೊ, ‘ಪುಟ್ ಆಫ್’ ಮುಂದಕ್ಕೆ ಹಾಕು, ‘ಪುಟ್ ಅಪ್ ವಿತ್’ ತಾಳಿಕೊ.

ಇವುಗಳನ್ನು ನೂರರ ಪಟ್ಟಿ ಮಾಡಿ ಕಂಠಪಾಠ ಮಾಡಿಸುವ ಬದಲು ಕನ್ನಡದ ಸಹಾಯಕ ಕ್ರಿಯಾಪದಗಳ ಪಕ್ಕದಲ್ಲಿ ಇಟ್ಟು ಕಲಿಸಬೇಕು ಎಂಬುದೇ ಈ ಪತ್ರದ ಮುಖ್ಯ ಮಾತು. ನಾವು ಕೊಳ್ಳು, ಬಿಡು, ಹಾಕು, ಕೊಡು ಸೇರಿಸಿ ಮಾಡುವ ಕೆಲಸವನ್ನೇ ಇಂಗ್ಲಿಷಿನವರು ಆ ಬಾಲಗಳಿಂದ ಮಾಡುತ್ತಾರೆ. ‘ಲುಕ್’ ನೋಡು, ‘ಲುಕ್ ಆಫ್ಟರ್’ ನೋಡಿಕೊ. ‘ಈಟ್’ ತಿನ್ನು, ‘ಈಟ್ ಅಪ್’ ತಿಂದುಹಾಕು. ‘ರೈಟ್’ ಬರೆ, ‘ರೈಟ್ ಡೌನ್’ ಬರೆದುಕೊ. ಇಲ್ಲಿ ‘ಅಪ್’ಗೆ ಮೇಲೆ ಎಂಬ ಅರ್ಥ ಹುಡುಕಿದರೆ ಸಿಗದು. ಕೆಲಸ ಪೂರ್ತಿ ಮುಗಿಯಿತು ಎನ್ನುವುದೇ ಅದರ ಹೊರೆ, ಥೇಟ್ ನಮ್ಮ ‘ತಿಂದುಹಾಕು’ವಿನ ‘ಹಾಕು’ ಇದ್ದ ಹಾಗೆ. ಅಲ್ಲಿ ಯಾರೂ ಏನನ್ನೂ ಎಲ್ಲಿಯೂ ಹಾಕುವುದಿಲ್ಲ. ನಾಲ್ಕನೆಯ ತರಗತಿಯ ಮಗುವಿಗೂ ‘ಹೇಳು’, ‘ಹೇಳಿಕೊಡು’, ‘ಹೇಳಿಬಿಡು’ ಇವುಗಳ ಅಂತರ ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಬಾಗಿಲ ಹೊರಗೇ ಬಿಟ್ಟು ಇಂಗ್ಲಿಷ್ ಪಾಠ ಶುರುಮಾಡುತ್ತಿದ್ದೇವಲ್ಲ ಎಂಬುದು ನಮ್ಮ ನೋವು.

ಹೋಲಿಕೆ ನಿಲ್ಲುವ ಜಾಗವನ್ನೂ ಹೇಳಲೇಬೇಕು. ಕನ್ನಡದ ಜೋಡಿಯನ್ನು ಬಿಡಿಸಿ ನಡುವೆ ಕರ್ಮಪದ ತೂರಿಸಲು ಬಾರದು. ‘ತಿಂದೇ ಹಾಕಿದ’ ಎಂದು ಒತ್ತು ಕೊಡಬಹುದು, ‘ತಿಂದು ಅದನ್ನು ಹಾಕಿದ’ ಎಂದರೆ ಮಾತೇ ಬೇರೆಯಾಗುತ್ತದೆ. ಇಂಗ್ಲಿಷಿನ ಹಲವು ಜೋಡಿಗಳು ಬಿಡುತ್ತವೆ, ಮತ್ತು ಕರ್ಮದ ಜಾಗದಲ್ಲಿ ‘ಇಟ್’, ‘ದೆಮ್’ ಇದ್ದರೆ ಬಿಡಿಸಲೇಬೇಕು. ‘ಪುಟ್ ಆಫ್ ದಿ ಮೀಟಿಂಗ್’, ‘ಪುಟ್ ದಿ ಮೀಟಿಂಗ್ ಆಫ್’ ಎರಡೂ ಸರಿ, ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ನಮ್ಮ ಮಕ್ಕಳು ಹೆಚ್ಚಾಗಿ ಬರೆಯುವುದು ಈ ಕೊನೆಯದನ್ನೇ. ‘ಲುಕ್ ಆಫ್ಟರ್’ ಮಾತ್ರ ಎಂದೂ ಬಿಡುವುದಿಲ್ಲ: ‘ಲುಕ್ ಆಫ್ಟರ್ ಇಟ್’. ಆದ್ದರಿಂದ ಜೋಡಿಯನ್ನು ಬರೆಸುವಾಗಲೇ ಜೊತೆಗೆ ‘ಇಟ್’ ಸೇರಿಸಿ ಬರೆಸಿದರೆ ಅದರ ಜಾಗವೂ ಕೈಗೆ ಕೂಡುತ್ತದೆ, ನಿಯಮ ಹೇಳುವ ಗೋಜೇ ಬೇಡ.

ಇನ್ನು ಸಮಾಸಗಳು. ಕೊನೆಯ ಪದವೇ ಯಜಮಾನ ಎಂಬುದು ಬಹುಮಟ್ಟಿಗೆ ಎರಡೂ ಭಾಷೆಗೆ ಸಮಾನ: ‘ಹಾರ್ಸ್ ರೇಸ್’ ಒಂದು ಪಂದ್ಯ, ‘ರೇಸ್ ಹಾರ್ಸ್’ ಒಂದು ಕುದುರೆ. ಎರಡು ಪದಗಳ ನಡುವಿನ ನಂಟನ್ನು ಮಾತ್ರ ಸಮಾಸ ಬಾಯಿಬಿಟ್ಟು ಹೇಳುವುದಿಲ್ಲ. ‘ಕೋಕೊನಟ್ ಆಯಿಲ್’ ತೆಂಗಿನಿಂದ ತೆಗೆದದ್ದು, ‘ಹೇರ್ ಆಯಿಲ್’ ಕೂದಲಿಗೆ ಹಚ್ಚುವುದು. ಕುಸುಬಿ ಎಣ್ಣೆ, ದೀಪದ ಎಣ್ಣೆ ಎನ್ನುವಾಗ ನಾವೂ ಹಾಗೇ ಊಹಿಸಿಕೊಳ್ಳುತ್ತೇವೆ. ಬಹುವ್ರೀಹಿಯೂ ಅಲ್ಲಿದೆ: ‘ಪಿಕ್‌ಪಾಕೆಟ್’ ಒಂದು ಬಗೆಯ ಜೇಬಲ್ಲ, ಜೇಬುಗಳ್ಳ, ನಮ್ಮ ಮುಕ್ಕಣ್ಣ ಕಣ್ಣಲ್ಲ, ಶಿವ ಎಂಬಂತೆ. ಕೆಲವು ಸಮಾಸ ಸವೆದು ಗುರುತೇ ಸಿಗದಂತಾಗಿವೆ. ‘ಕಪ್’ ಮತ್ತು ‘ಬೋರ್ಡ್’ ಕೂಡಿದ ಪದವನ್ನು ‘ಕಬರ್ಡ್’ ಎನ್ನಬೇಕು. ಅಕ್ಷರ ನೋಡಿ ‘ಕಪ್‌ಬೋರ್ಡ್’ ಎಂದು ಓದಿಸುವುದು ತಪ್ಪು.

ಬರಹದಲ್ಲಿ ಕಾಣದ, ಕಿವಿಗೆ ಮಾತ್ರ ಸಿಗುವ ಒಂದು ಸೂಕ್ಷ್ಮವಿದೆ. ‘ಇಂಗ್ಲಿಷ್ ಟೀಚರ್’ ಎನ್ನುವಾಗ ಮೊದಲ ಪದಕ್ಕೆ ಒತ್ತು ಬಿದ್ದರೆ ಇಂಗ್ಲಿಷ್ ಕಲಿಸುವವರು, ಎರಡನೆಯದಕ್ಕೆ ಒತ್ತು ಬಿದ್ದರೆ ಇಂಗ್ಲೆಂಡಿನವರಾದ ಶಿಕ್ಷಕರು. ‘ಗ್ರೀನ್‌ಹೌಸ್’ ಮೊದಲ ತುಂಡಿಗೆ ಒತ್ತು ಪಡೆದರೆ ಸಸಿ ಬೆಳೆಸುವ ಗಾಜಿನ ಮನೆ, ಇಲ್ಲವಾದರೆ ಹಸಿರು ಬಣ್ಣದ ಯಾವುದೋ ಮನೆ. ಕನ್ನಡದಲ್ಲಿ ಒತ್ತು ಅರ್ಥ ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಇದನ್ನು ಹಿಡಿಯುವುದು ತಡ. ಗಟ್ಟಿಯಾಗಿ ಓದಿಸದೆ ಇದು ಬಾರದು.

ಕೂಡಿಸಿ ಬರೆಯುವುದೋ ಬಿಡಿಸಿಯೋ ಎಂಬಲ್ಲಿ ದೊಡ್ಡವರೂ ಎಡವುತ್ತಾರೆ. ಅಂಗಡಿ ಫಲಕಗಳಲ್ಲಿ ‘ಎವ್ರಿಡೇ’ ಎಂದು ಕೂಡಿಸಿ ಬರೆದು ದಿನಾಲೂ ತೆರೆದಿರುತ್ತದೆ ಎನ್ನುತ್ತಾರೆ. ಕೂಡಿಸಿ ಬರೆದರೆ ಅದು ದಿನಬಳಕೆಯ ಎಂಬ ವಿಶೇಷಣ, ದಿನಾಲೂ ಎನ್ನಲು ಬಿಡಿಸಿ ಎರಡು ಪದ ಮಾಡಬೇಕು. ‘ಲಾಗಿನ್’, ‘ಬ್ರೇಕ್‌ಡೌನ್’, ‘ಸೆಟಪ್’ ನಾಮಪದವಾದಾಗ ಒಂದೇ ಪದ, ಕ್ರಿಯಾಪದವಾದಾಗ ಎರಡು.

ತರಗತಿಯಲ್ಲಿ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ವಹಿಯ ನಡುವಿನ ಗೆರೆ ಅಳಿಸಿ ಒಂದು ಪದಕ್ಕೆ ಅರ್ಧ ಹಾಳೆ ಕೊಡಬೇಕು. ವಾರಕ್ಕೆ ಎರಡೇ ಪದ ಸಾಕು. ಅರ್ಥ ಬರೆಯುವ ಮೊದಲು ಪದ ಬಂದ ವಾಕ್ಯವನ್ನು ಪೂರ್ತಿ ಬರೆಸಬೇಕು, ಅದರ ಎದುರು ಆ ವಾಕ್ಯಕ್ಕೆ ಹೊಂದುವ, ಮನೆಯಲ್ಲಿ ಆಡುವ ಕನ್ನಡ. ಮುಂದೆ ಅದೇ ಪದ ಬೇರೆ ಅರ್ಥದಲ್ಲಿ ಸಿಕ್ಕಾಗ ಅದೇ ಹಾಳೆಗೆ ಮರಳಿ ಕೆಳಗೆ ಸೇರಿಸಬೇಕು. ಹಾಳೆ ಅರ್ಧ ಖಾಲಿ ಇರುವುದು ಇದಕ್ಕೇ. ಮೂರು ವಾಕ್ಯ ಕೂಡಿದ ಮೇಲೆ ಇವುಗಳ ನಡುವಿನ ಎಳೆ ಯಾವುದು ಎಂದು ಮಕ್ಕಳನ್ನೇ ಕೇಳಬೇಕು. ಮೊದಲ ವಾಕ್ಯಕ್ಕೇ ಎಲ್ಲ ಅರ್ಥಗಳನ್ನೂ ಸುರಿದರೆ ಹಳೆಯ ಪಟ್ಟಿಯೇ ಉದ್ದವಾಗಿ ಮರಳುತ್ತದೆ. ಉತ್ಸಾಹಿ ಶಿಕ್ಷಕರು ಜಾರುವುದು ಇಲ್ಲಿಯೇ.

ತಮ್ಮಲ್ಲಿ ಒಂದು ಬೇಡಿಕೆ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿ ಪುಟದಲ್ಲಿ ದಿನಕ್ಕೊಂದು ಅಪರೂಪದ ಪದ ಕೊಡುವ ಬದಲು ವಾರಕ್ಕೊಂದು ಸಾದಾ ಪದ ಕೊಡಿ. ನಾಲ್ಕು ವಾಕ್ಯ, ನಾಲ್ಕಕ್ಕೂ ನಮ್ಮ ಕಡೆಯ ಕನ್ನಡ, ಜೊತೆಗೆ ಎರಡು ಜೋಡಿಪದ. ಮೊದಲ ಆರು ವಾರಕ್ಕೆ ಗೆಟ್, ಪುಟ್, ಟೇಕ್, ರನ್, ಬ್ರೇಕ್, ಸೆಟ್ ಇರಲಿ.

ಇಂತಿ,
ಇಂಗ್ಲಿಷ್ ವಿಷಯದ ಕೆಲವು ಶಿಕ್ಷಕರು
ಬಾಗಲಕೋಟೆ