ಹೊಸತೊಡಕಿನ ಕೋಳಿ ಸಾರು ಒಯ್ದವರಿಗೆ

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಊಟದಲ್ಲಿ ಮಿಕ್ಕ ನಾಟಿಕೋಳಿ ಸಾರನ್ನು ಡಬ್ಬಿಯಲ್ಲಿ ಒಯ್ದವರು ದಯವಿಟ್ಟು ಗಮನಿಸಿ.

ಇನ್ನೂ ಹೊರಗಿಟ್ಟಿದ್ದರೆ ಈಗಲೇ ಫ್ರಿಜ್‌ಗೆ ಇಡಿ. 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಅಗಲ ಡಬ್ಬಿಗಳಿಗೆ ಸುರಿದಿಡಿ, ಬೇಗ ತಣಿಯುತ್ತೆ. ಹೋದ ವರ್ಷ ನಮ್ಮನೆಯಲ್ಲಿ ರಾತ್ರಿಯಿಡೀ ಒಲೆ ಮೇಲೇ ಬಿಟ್ಟಿದ್ದ ಸಾರಲ್ಲಿ ಬೆಳಿಗ್ಗೆ ಸಣ್ಣ ನೊರೆ! ‘ಕುದಿಸಿದ್ರೆ ಸರಿಹೋಗುತ್ತೆ ಬಿಡು’ ಅಂದರು ಅತ್ತೆ. ಚೆಲ್ಲಿಬಿಟ್ಟೆ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗಲ್ಲ.

ಫ್ರಿಜ್‌ನಲ್ಲಿದ್ದರೂ 3-4 ದಿನದೊಳಗೆ ಮುಗಿಸಿ. ಬೇಕಾದಷ್ಟೇ ತೆಗೆದು, ಚೆನ್ನಾಗಿ ಕುದಿಬರಿಸಿ ತಿನ್ನಿ.

ನಮ್ಮ ಫ್ರಿಜ್‌ನಲ್ಲಿ ಇನ್ನೂ ಎರಡು ಡಬ್ಬಿ ಇವೆ. ಬೇಕಾದವರು ರಾತ್ರಿ 8ರೊಳಗೆ ಇಲ್ಲೇ ತಿಳಿಸಿ. ಡಬ್ಬಿ ಮಾತ್ರ ವಾಪಸ್ ಕೊಡಿ!