ಹಾಡು ಮರೆತವರು ಹಕ್ಕಿಗಳೋ, ಅಧಿಕಾರಿಗಳೋ?

ಮಾನ್ಯ ಸಂಪಾದಕರೇ,

ನಮ್ಮ ಕೆರೆ ಏರಿಯ ಉದ್ಯಾನದಲ್ಲಿ ಧ್ವನಿವರ್ಧಕಗಳನ್ನು ಕಟ್ಟಿ ಹಕ್ಕಿಗಳ ಇಂಚರ ಬಿತ್ತರಿಸುವ ಯೋಜನೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಮಂಗಳವಾರ ಚಿತ್ರಸಮೇತ ಬಂದ ವರದಿಯನ್ನು, ಅದೇ ಧ್ವನಿವರ್ಧಕಕ್ಕೆ ಎದುರಾಗಿರುವ ನನ್ನ ಮನೆಯ ಜಗಲಿಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕುಳಿತು ಓದಿದೆ. ಪಟ್ಟಣದ ಗದ್ದಲದಲ್ಲಿ ಹಾಡು ಮರೆತಿರುವ ಹಕ್ಕಿಗಳು ಇದನ್ನು ಕೇಳಿ ಮತ್ತೆ ಕಲಿಯುತ್ತವೆ ಎಂದು ಸಂಬಂಧಪಟ್ಟ ಅಧಿಕಾರಿಗಳು ಹೇಳಿದ್ದಾರಂತೆ. ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿದ ನಾನು ಈ ಒಂದು ವಾಕ್ಯವನ್ನು ಓದಿ ಸುಮ್ಮನಿರಲಾರದೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಬೆಳಗಿನ ಜಾವ ಐದಕ್ಕೇ ಶುರುವಾಗುವ ಆ ಮುದ್ರಿಕೆಯಲ್ಲಿರುವುದು ಕೋಗಿಲೆಯ ದನಿ. ಕೋಗಿಲೆ ಕಾಗೆಯ ಗೂಡಿನಲ್ಲಿ ಹುಟ್ಟಿ, ಕಾಗೆಯ ತುತ್ತು ತಿಂದು, ದಿನವಿಡೀ ಕಾಗೆಯ ದನಿಯನ್ನೇ ಕೇಳುತ್ತ ಬೆಳೆದರೂ ಕಡೆಗೆ ‘ಕುಹೂ’ ಎಂದೇ ಕೂಗುತ್ತದೆ. ಆ ಕೂಗನ್ನು ಅದಕ್ಕೆ ಯಾರೂ ಕಲಿಸಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ಕಲಿಯುವ ಅಗತ್ಯವೇ ಇಲ್ಲದ ಹಕ್ಕಿಯನ್ನು ಹುಡುಕಿ ಅದನ್ನೇ ಗುರುವಿನ ಪೀಠದಲ್ಲಿ ಕೂರಿಸಿದವರ ಜಾಣ್ಮೆಗೆ ಏನೆನ್ನಬೇಕು?

ಕೇಳಿ ಕಲಿಯುವ ಹಕ್ಕಿಗಳು ಬೇರೆ ಇವೆ, ಮತ್ತು ಅವು ಕಲಿಯುವ ಕ್ರಮವೇ ಬೇರೆ. ಕೇಂಬ್ರಿಜ್‌ನಲ್ಲಿ ಥೋರ್ಪ್ ಎಂಬ ವಿಜ್ಞಾನಿ 1950ರ ದಶಕದಲ್ಲಿಯೇ ಚಾಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯ ಮರಿಗಳನ್ನು ದೊಡ್ಡ ಹಕ್ಕಿಗಳ ದನಿ ಕೇಳಿಸದಂತೆ ಸಾಕಿ, ಅವು ಬೆಳೆದ ಮೇಲೆ ಹಾಡುವುದು ಅರೆಬರೆ ಹಾಡನ್ನೆಂದು ತೋರಿಸಿದರು. ಮರಿ ಮೊದಲು ಹಿರಿಯರ ಹಾಡನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ಆಮೇಲೆ ತೊದಲುತ್ತ ತೊದಲುತ್ತ ತನ್ನ ದನಿಯನ್ನು ಆ ನೆನಪಿಗೆ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ತನ್ನ ದನಿ ತನಗೆ ಕೇಳಿಸಲೇಬೇಕು ಎಂಬುದನ್ನು 1965ರಲ್ಲಿ ಕೊನಿಶಿ ಎಂಬವರು, ಹಾಡನ್ನು ಕೇಳಿಸಿಕೊಂಡಿದ್ದರೂ ಹಾಡತೊಡಗುವ ಮೊದಲೇ ಕಿವುಡಾದ ಬಿಳಿನೆತ್ತಿ ಸ್ಪ್ಯಾರೋ ಎಂಬ ಅಮೆರಿಕದ ಹಾಡುಹಕ್ಕಿಗಳು ಸರಿಯಾಗಿ ಹಾಡಲಾರವೆಂದು ಕಂಡು, ಸಾಬೀತುಪಡಿಸಿದರು. ಧ್ವನಿವರ್ಧಕದ ಮಗ್ಗುಲಿನ ಮರಿಗೆ ತನ್ನ ದನಿ ಎಷ್ಟರ ಮಟ್ಟಿಗೆ ಕೇಳಿಸೀತು? ನನಗೇ ನನ್ನ ಹೆಂಡತಿಯ ಮಾತು ಕೇಳಿಸುತ್ತಿಲ್ಲ. ಅದರಿಂದ ನಿಮಗೇನೂ ನಷ್ಟವಿಲ್ಲವಲ್ಲ ಎಂಬ ಉತ್ತರವೂ ಮನೆಯೊಳಗಿನಿಂದ ಬಂದಿದೆ.

ಇನ್ನು, ಹೆಚ್ಚು ಕೇಳಿಸಿದರೆ ಹೆಚ್ಚು ಕಲಿಯುತ್ತವೆ ಎಂಬ ಲೆಕ್ಕ. ಜೀಬ್ರಾ ಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯ ಮರಿಗಳಿಗೆ ಮುದ್ರಿಸಿದ ಹಾಡನ್ನು ದಿನಕ್ಕೆ ಕೆಲವೇ ಸಲ ಕೇಳಿಸಿದಾಗ ಅವು ಚೆನ್ನಾಗಿ ಅನುಕರಿಸಿದವು, ಕೇಳಿಸಿದ್ದು ಹೆಚ್ಚಾದಂತೆ ಅನುಕರಣೆ ಕೆಟ್ಟಿತು ಎಂದು 1999ರ ಒಂದು ಅಧ್ಯಯನ ಹೇಳುತ್ತದೆ. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಹಕ್ಕಿಯೊಂದು ತನ್ನ ಜಾತಿಯ ಹೊಸ ಹಾಡು ಕೇಳಿದಾಗ ಅದರ ಮಿದುಳಿನ ಶ್ರವಣ ಭಾಗದಲ್ಲಿ ಒಂದು ಜೀನ್ ಚುರುಕಾಗುತ್ತದೆ, ಅದೇ ಹಾಡನ್ನು ಮತ್ತೆ ಮತ್ತೆ ಕೇಳಿಸಿದರೆ ಆ ಚುರುಕು ಇಳಿದುಹೋಗುತ್ತದೆ ಎಂಬುದು ಗೊತ್ತಾಗಿತ್ತು. ಅಂದರೆ ಹಳೆಯದೆಂದು ಗುರುತಿಸಿ ಕಡೆಗಣಿಸುವಷ್ಟು ವಿವೇಕ ಹಕ್ಕಿಯ ಮಿದುಳಿಗಿದೆ. ಹನ್ನೊಂದು ನಿಮಿಷದ ಒಂದೇ ಮುದ್ರಿಕೆಯನ್ನು ಇಡೀ ಬೆಳಗ್ಗೆ ತಿರುಗಿಸುವವರ ವಿಷಯದಲ್ಲಿ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ವಾಹನಗಳ ಗದ್ದಲದಲ್ಲಿ ಬೆಳೆದ ಜೀಬ್ರಾ ಫಿಂಚ್ ಮರಿಗಳು ತಡವಾಗಿ ಮತ್ತು ತಪ್ಪಾಗಿ ಹಾಡು ಕಲಿಯುತ್ತವೆ ಎಂದು 2021ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿರುವುದರಿಂದ ಅಧಿಕಾರಿಗಳ ಆತಂಕ ಪೂರ್ತಿ ಸುಳ್ಳೆಂದೂ ಹೇಳಲಾರೆ. ಆದರೆ ಗದ್ದಲಕ್ಕೆ ಮದ್ದು ಇನ್ನಷ್ಟು ಗದ್ದಲವೇ?

ನಮ್ಮ ಕಾಂಪೌಂಡಿನ ಮಾವಿನ ತುದಿಯಲ್ಲಿ ಪ್ರತಿ ಬೇಸಿಗೆಯಲ್ಲೂ ನಸುಕಿಗೇ ಕುಳಿತು ಹಾಡುತ್ತಿದ್ದ ಗಂಡು ಮಡಿವಾಳ ಹಕ್ಕಿಯೊಂದು ಕಳೆದ ಗುರುವಾರದಿಂದ ಅಲ್ಲಿಗೆ ಬಂದಿಲ್ಲ. ಹಾಲಿನ ಹುಡುಗ ಎರಡು ದಿನ ಗೇಟು ಬಡಿದು ಬಡಿದು ವಾಪಸು ಹೋಗಿದ್ದಾನೆ. ಪರೀಕ್ಷೆಗೆ ಓದುವ ಮೊಮ್ಮಗ ಪುಸ್ತಕ ಹಿಡಿದು ಸ್ನಾನದ ಮನೆ ಸೇರಿದ್ದಾನೆ. ನನ್ನ ರಕ್ತದೊತ್ತಡದ ಮಾತ್ರೆ ಅರ್ಧವಿದ್ದದ್ದು ಒಂದಾಗಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವಸತಿ ಪ್ರದೇಶದಲ್ಲಿ ಆ ಹೊತ್ತಿನ ಮಿತಿ 45 ಡೆಸಿಬಲ್ ಎಂದು ಕಚೇರಿಯಲ್ಲಿ ಹೇಳಿದಾಗ, “ಅದು ಮೈಕಿಗೆ ಸಾರ್, ಇದು ಹಕ್ಕಿ” ಎಂಬ ಉತ್ತರ ಸಿಕ್ಕಿತು. ಮೊಬೈಲಿನಲ್ಲಿ ಕೊಟ್ಟ ದೂರು ಒಂದೇ ಗಂಟೆಯಲ್ಲಿ ‘ಪರಿಹರಿಸಲಾಗಿದೆ’ ಎಂದಾಯಿತು. ಅದನ್ನು ಓದುವಾಗಲೂ ಕೋಗಿಲೆ ಕೂಗುತ್ತಲೇ ಇತ್ತು.

ಇದೇ ಕಚೇರಿ ಎರಡು ವರ್ಷದ ಹಿಂದೆ ಕೊಂಬೆ ಸವರುವ ನೆಪದಲ್ಲಿ ಉದ್ಯಾನದ ಪೊಟರೆಗಳಿದ್ದ ಹಳೆಯ ಮರಗಳನ್ನೆಲ್ಲ ಬೋಳಿಸಿತ್ತು. ಮಡಿವಾಳ ಹಕ್ಕಿ ಗೂಡು ಮಾಡುವುದು ಅಂಥ ಪೊಟರೆಗಳಲ್ಲಿ ಎಂದು ಆಗಲೇ ಬರೆದುಕೊಟ್ಟಿದ್ದೆ. ಆ ಅರ್ಜಿಗೆ ಹಿಂಬರಹ ಇನ್ನೂ ಬಂದಿಲ್ಲ. ಆಮೇಲೆ ಸಿಮೆಂಟಿನ ಗೂಡುಗಳನ್ನು ತಂದು ಕಂಬಕ್ಕೆ ಕಟ್ಟಿದರು; ಅವುಗಳಲ್ಲಿ ಈಗ ಹೆಜ್ಜೇನು ಬಿಟ್ಟು ಉಳಿದ ಹುಳಗಳೆಲ್ಲ ಇವೆ. ಅದಕ್ಕೂ ಮೊದಲು ರಾತ್ರಿಯಿಡೀ ಉರಿಯುವ ಬಣ್ಣದ ದೀಪಗಳನ್ನು ಹಾಕಿದ್ದರು. ನಿದ್ದೆಯಲ್ಲಿ ಹಕ್ಕಿಯ ಮಿದುಳಿನ ನರಕೋಶಗಳು ಹಗಲು ಹಾಡಿದ್ದರ ಲಯವನ್ನೇ ಮತ್ತೆ ಮಿಡಿಯುತ್ತವೆ ಎಂದು 2000ದಲ್ಲಿಯೇ ಗೊತ್ತಾಗಿದೆ. ನಮ್ಮ ಉದ್ಯಾನದಲ್ಲಿ ಅವಕ್ಕೆ ನಿದ್ದೆಯಾದರೂ ಎಲ್ಲಿಂದ ಬರಬೇಕು? ಒಬ್ಬರ ಅವಧಿಯಲ್ಲಿ ದೀಪ, ಇನ್ನೊಬ್ಬರ ಅವಧಿಯಲ್ಲಿ ಗೂಡು, ಈಗಿನವರ ಅವಧಿಯಲ್ಲಿ ಸಂಗೀತ. ಬಿಲ್ಲು ಮಾತ್ರ ಎಲ್ಲರ ಅವಧಿಯಲ್ಲೂ ತಪ್ಪದೆ ಪಾಸಾಗಿರಬೇಕು.

ಆದ್ದರಿಂದ ಸಂಬಂಧಪಟ್ಟವರು ಈ ಧ್ವನಿವರ್ಧಕಗಳನ್ನು ಕೂಡಲೇ ತೆಗೆಸಬೇಕು. ತೆಗೆಯಲಾಗದಿದ್ದರೆ ಆರು ಗಂಟೆಯ ನಂತರವಾದರೂ, ಸದ್ದು ತಗ್ಗಿಸಿಯಾದರೂ, ಕೋಗಿಲೆಯ ಬದಲು ಬೇರೆ ಏನನ್ನಾದರೂ ಹಾಕಬೇಕು. ಬೇಡ, ಏನನ್ನೂ ಹಾಕುವುದು ಬೇಡ. ಈ ಯೋಜನೆಗೆ ಸಹಿ ಮಾಡಿದವರು ಒಂದು ದಿನ ಬೆಳಗಿನ ಐದಕ್ಕೆ ನಮ್ಮ ಜಗಲಿಗೆ ಬಂದು ಕುಳಿತುಕೊಳ್ಳಲಿ. ಕಾಫಿ ಕೊಡುತ್ತೇವೆ, ಹತ್ತಿಯನ್ನು ಅವರೇ ತರಲಿ.

– ಉದ್ಯಾನದ ಎದುರು ಮನೆಯ ನಿವೃತ್ತ ಶಿಕ್ಷಕ