ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ತಗೋ

ಪ್ರೀತಿಯ ಪುಟ್ಟಾ,

ನಿನ್ನ ಕಾಗದ ಓದಿದೆ. ಮುಚ್ಚಿಡದೆ ಬರೆದಿದ್ದೀಯ, ಅದಕ್ಕೆ ಧೈರ್ಯ ಬೇಕು. ಕಳವಳ ತಡೆಯೋಕೆ ಅಂತ ಕುಡಿಯೋದು ಶುರುವಾಯಿತು, ಈಗ ಕುಡಿದ ಮೇಲೆ ಕಳವಳ ಇನ್ನೂ ಜಾಸ್ತಿ ಅಂದಿದ್ದೀಯ. "ಮೊದಲು ಕುಡಿತ ಬಿಟ್ಟು ಬಾ, ಮನಸ್ಸಿನದ್ದು ಆಮೇಲೆ ನೋಡೋಣ" ಅಂತ ಯಾರೋ ಹೇಳಿ ಕಳಿಸಿದರಂತೆ. ಆ ಮಾತು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ.

ಕಳವಳ ಇದ್ದರೆ ಬಾಟಲಿಗೆ ಕೈ ಹೋಗುತ್ತದೆ. ಬಾಟಲಿ ಇದ್ದರೆ ಕಳವಳ ಹೋಗೋದಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರೆ, ಬಿಟ್ಟಿದ್ದು ಇನ್ನೊಂದನ್ನು ಮತ್ತೆ ಎಳೆದು ತರುತ್ತದೆ. ಅದಕ್ಕೇ ಎರಡನ್ನೂ ಬಲ್ಲವರನ್ನು ಹುಡುಕು. ಸಾಧ್ಯವಾದರೆ ಒಂದೇ ತಂಡ ನಿನ್ನನ್ನು ನೋಡಲಿ. ಕುಡಿತ ನಿಂತ ಕೆಲವು ವಾರಗಳಲ್ಲಿ ಮನಸ್ಸಿನ ಭಾರ ತಾನಾಗಿಯೇ ಇಳಿಯೋದೂ ಉಂಟು, ಅದನ್ನು ನೋಡಿಕೊಂಡು ಡಾಕ್ಟರು ಮಾತ್ರೆ ಬದಲಿಸಬಹುದು. ಆದರೆ ಆಪ್ತಸಲಹೆ ಶುರು ಮಾಡೋಕೆ ಅಲ್ಲಿಯವರೆಗೆ ಕಾಯಬೇಕಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಕೇಳಿಸಿಕೋ. ದಿನಾ ಜಾಸ್ತಿ ಕುಡಿಯುವವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬಾರದು. ಮೊದಲ 2 ದಿನಗಳಲ್ಲೇ ಫಿಟ್ಸ್ ಬರಬಹುದು. ಕೈ ನಡುಕ, ಇಲ್ಲದ್ದು ಕಾಣಿಸೋದು, ಜೀವಕ್ಕೇ ಅಪಾಯ ಆಗೋದೂ ಇದೆ. ನಿದ್ದೆ ಮಾತ್ರೆಗೂ ಇದೇ ಮಾತು. ಬಿಡೋದಾದರೆ ಡಾಕ್ಟರ ಕಣ್ಣೆದುರಿಗೇ ಬಿಡು.

ಅಲ್ಲಿ ಬೈಗುಳ ಕಾದಿದೆ ಅಂತ ಹೆದರಬೇಡ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1983ರಲ್ಲಿ ಬರೆದು ತೋರಿಸಿದ ದಾರಿ ಒಂದಿದೆ. ಅದರಲ್ಲಿ ವಾದ ಇಲ್ಲ, ಉಪದೇಶವೂ ಇಲ್ಲ. ನಿನಗೆ ಯಾಕೆ ಬಿಡಬೇಕು ಅನಿಸುತ್ತದೆ ಅನ್ನೋದನ್ನು ನಿನ್ನ ಬಾಯಿಂದಲೇ ಹೊರಡಿಸುತ್ತಾರೆ. ಬಿಡೋಕೆ ಮನಸ್ಸಿಲ್ಲದಿದ್ದರೆ ಅದನ್ನೂ ಹೇಳು, ಕೇಳುತ್ತಾರೆ.

ಆಮೇಲೆ, ಕುಡಿದಾಗೆಲ್ಲಾ ಏನು ನಡೆಯಿತು ಅಂತ ಬರೆದಿಡೋಕೆ ಹೇಳಬಹುದು. ದಯವಿಟ್ಟು ಸುಮ್ನೆ ನೆಪಕ್ಕೆ ಬರೆಯಬೇಡ. "ಸಂಜೆ ಏಳು ಗಂಟೆ. ಒಬ್ಬನೇ. ಆಫೀಸಿಂದ ಫೋನ್ ಬಂತು. ನನ್ನ ಕೈಲಿ ಏನೂ ಆಗಲ್ಲ ಅನಿಸಿತು. ಎದೆ ಡವಡವ. ಕುಡಿದೆ, ಹಗುರವಾಯಿತು. ರಾತ್ರಿ ಮೂರಕ್ಕೆ ಎಚ್ಚರ, ಎದೆಬಡಿತ ಇನ್ನೂ ಜೋರು." ಇಷ್ಟು ಬರೆದರೆ ಸಾಕು. ಮೊದಲ ಗುಟುಕಿಗೆ ಮುಂಚೆ ಬಂದ ಆ ಒಂದು ಯೋಚನೆ ಇದೆಯಲ್ಲ, ಕೆಲಸ ಆಗಬೇಕಾದ್ದು ಅಲ್ಲೇ. ಅದು ನಿಜವಾ ಅಂತ ಪ್ರಶ್ನಿಸೋದನ್ನು ಕಲಿಸುತ್ತಾರೆ. ಆತಂಕದ ಚಿಕಿತ್ಸೆಯೂ ಅದೇ, ಕುಡಿತದ ಚಿಕಿತ್ಸೆಯೂ ಅದೇ.

ಆಸೆ ಕೆರಳಿದಾಗ ಅದರ ಜೊತೆ ಗುದ್ದಾಡಬೇಡ. ಅಲನ್ ಮಾರ್ಲಾಟ್ ಅನ್ನುವ ಮನಶ್ಶಾಸ್ತ್ರಜ್ಞರು ಅದನ್ನು ಅಲೆಗೆ ಹೋಲಿಸಿದ್ದರು. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಬಾಯಿ ಒಣಗೋದು, ಹೊಟ್ಟೆ ಹಿಂಡೋದು, ಎಲ್ಲವನ್ನೂ ಗಮನಿಸುತ್ತಾ ಕೂತಿರು. ಎಷ್ಟೋ ಸಲ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ.

ನಡುವೆ ಒಂದು ದಿನ ಜಾರಿಬಿಡಬಹುದು. ಆಗ "ಎಲ್ಲಾ ಹಾಳಾಯ್ತು, ಇನ್ನೇನು" ಅನಿಸುತ್ತದೆ ನೋಡು, ನನಗೆ ಹೆದರಿಕೆ ಆ ಯೋಚನೆಯದ್ದೇ. ಒಂದು ಗ್ಲಾಸನ್ನು ಒಂದು ವಾರ ಮಾಡೋದು ಅದು. ನಾಚಿಕೆಪಟ್ಟು ಅಪಾಯಿಂಟ್‌ಮೆಂಟ್ ತಪ್ಪಿಸಬೇಡ. ಜಾರಿದ ಮಾರನೇ ದಿನವೇ ಹೋಗು, ನಡೆದದ್ದು ನಡೆದ ಹಾಗೇ ಹೇಳು. ಅವರಿಗೆ ಅದು ಕೆಲಸಕ್ಕೆ ಬರುವ ವಿಷಯ.

ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡ. ಆಗಲೇ ಆಸ್ಪತ್ರೆಗೆ ಹೋಗು, ನಡುರಾತ್ರಿಯಾದರೂ ನನಗೆ ಫೋನ್ ಮಾಡು. ಒಬ್ಬನೇ ಇರಬೇಡ ಮಗಾ.

ಮೊದಲ ದಿನ ನಾನೂ ಬರುತ್ತೇನೆ. ಒಳಗೆ ಏನು ಮಾತಾಡಿದೆ ಅಂತ ಕೇಳೋದಿಲ್ಲ. ಯಾವ ದಿನ ಅಂತ ಗೊತ್ತುಮಾಡಿ ತಿಳಿಸು.

ನಿನ್ನ
ದೊಡ್ಡಮ್ಮ